ಮೂವತ್ತಾರು ಕಂಬಗಳು ಕಾಣೆಯಾದ ಶುಕ್ರವಾರ

ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆ, ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ, ಐದು ಜನರ ಕಣ್ಣೆದುರಿಗೇ ಗ್ರಂಥಾಲಯದ ಕಂಬಗಳು ಕಾಣೆಯಾಗಿದ್ದವು. ಒಂದೆರಡಲ್ಲ, ಮೂವತ್ತಾರೂ. ಗೋಡೆಗಳಿದ್ದವು, ಕಿಟಕಿಗಳಿದ್ದವು, ಮೆಟ್ಟಿಲುಗಳಿದ್ದವು, ಪುಸ್ತಕದ ಕಪಾಟುಗಳೂ ಸಾಲಾಗಿ ನಿಂತಿದ್ದವು. ಇವನ್ನೆಲ್ಲ ಹೊರಬೇಕಾದ ಕಂಬ ಮಾತ್ರ ಒಂದೂ ಇರಲಿಲ್ಲ. ಅವುಗಳ ಬದಲಿಗೆ ಓದುವ ಕೋಣೆಯ ನಟ್ಟನಡುವೆ ಒಂದು ಉದ್ದನೆಯ ಸಾಲು ಅಕ್ಷರ ಅಡ್ಡ ಮಲಗಿತ್ತು.

ಫೈಲ್ ಸಿಗದೆ ಹೋದಾಗ ಕಂಪ್ಯೂಟರ್ ಹೀಗೇ ಮಾಡುತ್ತದೆ. ಚಿತ್ರ ಇರಬೇಕಾದ ಜಾಗದಲ್ಲಿ ಆ ಫೈಲಿನ ವಿಳಾಸ ಬರೆದಿಟ್ಟು ಕೈತೊಳೆದುಕೊಳ್ಳುತ್ತದೆ. ಯಾವ ಫೋಲ್ಡರು, ಅದರೊಳಗೆ ಯಾವ ಫೋಲ್ಡರು, ಒಂದನ್ನೂ ಬಿಡುವುದಿಲ್ಲ. ಅಕ್ಕ ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿದರು: ಕೆಳಗಿನ ಮಹಡಿ, ಕಂಬ ಮತ್ತು ತೊಲೆ, ಗ್ರಂಥಾಲಯ, ಕರಡು, ಯಾರಿಗೂ ಕೊಡುವುದಲ್ಲ.

ಕೊನೆಯ ಎರಡು ಪದಕ್ಕೆ ಬರುವಷ್ಟರಲ್ಲಿ ಎಲ್ಲರ ಕತ್ತೂ ಸ್ಕೇಲಮ್ಮನ ಕಡೆ ತಿರುಗಿತ್ತು.

ಸ್ಕೇಲಮ್ಮ ಎಂದರೆ ಅಜ್ಜಿ ಎಂದುಕೊಳ್ಳಬೇಡಿ. ಇಪ್ಪತ್ತೊಂಬತ್ತು ವರ್ಷದ ಹುಡುಗಿ, ಆ ಆಫೀಸಿನ ನಕ್ಷೆಗಳಿಗೆಲ್ಲ ಅವಳೇ ಯಜಮಾನಿ. ಕೈಯಲ್ಲಿ ಸದಾ ಒಂದು ಸ್ಟೀಲ್ ಸ್ಕೇಲು, ಕಣ್ಣಲ್ಲಿ ಸದಾ ಒಂದು ಅನುಮಾನ. ಬಾಗಿಲು ಅರ್ಧ ಇಂಚು ಸರಿದಿದ್ದರೂ ಹಿಡಿದುಬಿಡುತ್ತಿದ್ದಳು. ಅಂಥವಳು ಈಗ ಕಳ್ಳಿಯ ಹಾಗೆ ಸಿಕ್ಕಿಬಿದ್ದು, ಸ್ಕೇಲಿನ ಅಂಕಿಗಳನ್ನು ಮೊದಲ ಸಲ ನೋಡುವವಳಂತೆ ನೋಡುತ್ತಾ ಕೂತಿದ್ದಳು.

"ನಮ್ಮ ಡ್ರಾಯಿಂಗು ಕೆಳಗಿನ ಮಹಡಿಯವನ ಕರಡಿಗೆ ಯಾಕಮ್ಮ ಜೋತು ಬಿದ್ದಿದೆ?" ಎಂದು ಕೇಳಿದರು ಅಕ್ಕ ಮೇಡಂ.

"ಕಣ್ತಪ್ಪಿ ಆಗಿರಬೇಕು ಮೇಡಂ."

ಕಣ್ತಪ್ಪಿ ಆದದ್ದು ಮೊದಲ ದಿನ ಮಾತ್ರ. ಉಳಿದ ಎಂಟು ತಿಂಗಳು ಕಣ್ಣಿಟ್ಟೇ ಆಗಿತ್ತು. ಆದರೆ ಅದನ್ನು ಮೇಡಂ ಮುಂದೆ ಹೇಳುವುದುಂಟೆ? ಸಂಜೆ ನಾಲ್ಕಕ್ಕೆ ಇಪ್ಪತ್ತೆರಡು ಶೀಟು ಗ್ರಂಥಾಲಯ ಸಮಿತಿಯ ಕೌಂಟರಿನಲ್ಲಿರಬೇಕು, ನಾಲ್ಕು ಗಂಟೆ ಒಂದು ನಿಮಿಷಕ್ಕೆ ಅವರು ಕಿಟಕಿ ಮುಚ್ಚುತ್ತಾರೆ, ಇದೇ ಕೆಲಸದ ಮೇಲೆ ಕಣ್ಣಿಟ್ಟ ಇನ್ನೂ ಮೂರು ಆಫೀಸಿನವರು ಅದಕ್ಕೇ ಕಾಯುತ್ತಿದ್ದಾರೆ ಎಂದಷ್ಟು ನೆನಪಿಸಿ ಮೇಡಂ ಎದ್ದು ಹೋದರು. ಬೈಯಲಿಲ್ಲ. ಅವರು ಬೈಯದೆ ಹೋದರೆ ಎಲ್ಲರಿಗೂ ಇನ್ನೂ ಹೆಚ್ಚು ಭಯ.

ಇಲ್ಲಿ ಎರಡು ಮಹಡಿಯ ವಿಷಯ ಹೇಳಬೇಕು. ಮೇಲಿನ ಮಹಡಿಯಲ್ಲಿ ಅಕ್ಕನ ಆರ್ಕಿಟೆಕ್ಟ್ ಆಫೀಸು, ಕೆಳಗಿನದರಲ್ಲಿ ಅವರ ಒಡಹುಟ್ಟಿದ ತಮ್ಮನ ಇಂಜಿನಿಯರಿಂಗ್ ಆಫೀಸು. ಹಾಗಾಗಿ ಎಲ್ಲರ ಬಾಯಲ್ಲೂ ಅವರು 'ಅಕ್ಕ ಮೇಡಂ', ಇವರು 'ತಮ್ಮ ಸಾಹೇಬರು'. ಮೇಲಿನವರು ಕೋಣೆ ಬರೆಯುತ್ತಾರೆ, ಕೆಳಗಿನವರು ಅದು ಬೀಳದ ಹಾಗೆ ಕಂಬ ನಿಲ್ಲಿಸುತ್ತಾರೆ. ಸರ್ವರ್ ಒಂದೇ. ಒಬ್ಬರ ಡ್ರಾಯಿಂಗನ್ನು ಇನ್ನೊಬ್ಬರು ಕಾಪಿ ಮಾಡಿಟ್ಟುಕೊಳ್ಳುವುದಿಲ್ಲ, ತಮ್ಮ ಡ್ರಾಯಿಂಗಿಗೆ ಲಿಂಕ್ ಮಾಡಿಕೊಳ್ಳುತ್ತಾರೆ. ಕೆಳಗೆ ಅವರು ಒಂದು ಕಂಬ ಸರಿಸಿದರೆ ಮೇಲೆ ಇವಳ ಪರದೆಯಲ್ಲೂ ಅದು ಸರಿದಿರುತ್ತದೆ. ಇದಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಲಿಂಕ್ ಮಾಡುವುದಿದ್ದರೆ ಸಹಿಯಾಗಿ 'ಕೊಟ್ಟಿದ್ದು' ಎಂಬ ಫೋಲ್ಡರಿಗೆ ಬಂದ ಪ್ರತಿಗೆ ಮಾತ್ರ. ಕರಡು ಅನ್ನುವುದು ಬರೆಯುವವನ ಸ್ವಂತ ಜಾಗ, ಅಲ್ಲಿ ಬೇರೆಯವರು ಇಣುಕಬಾರದು.

ಕೆಳಗೆ ಗ್ರಂಥಾಲಯದ ಕಂಬಗಳನ್ನು ಬರೆಯುತ್ತಿದ್ದವನಿಗೆ ಸ್ಕೇಲಮ್ಮ ಇಟ್ಟ ಹೆಸರು 'ಕಂಬ'. ಎತ್ತರದ ಆಳು. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುತ್ತಿದ್ದ, ಬಂದವನು ಹೇಳಬೇಕಾದ್ದನ್ನು ಹೇಳದೆ ನಿಂತೇ ಇರುತ್ತಿದ್ದ. ಮಾತಾಡುವಾಗ ಅವಳ ಮುಖ ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಿದ್ದ: ಸೀಲಿಂಗು, ಫ್ಯಾನು, ಅವಳ ಮೇಜಿನ ಮೇಲಿನ ಪೆನ್ಸಿಲು. ಅವಳು ಜೋರು ಮಾಡಿದರೆ ಅವನ ಕಿವಿ ಮಾತ್ರ ಕೆಂಪಾಗುತ್ತಿತ್ತು. ಇಬ್ಬರಿಗೂ ವಾರಕ್ಕೆ ಮೂರು ಜಗಳ ಕಡ್ಡಾಯ. ಅವಳಿಗೆ ಓದುವ ಕೋಣೆ ಬಯಲಿನಂತೆ ತೆರೆದಿರಬೇಕು, ಅವನಿಗೆ ಅದರ ಮೇಲಿನ ಚಾವಣಿ ಓದುವವರ ತಲೆ ಮೇಲೆ ಬೀಳಬಾರದು. ಮನೆಗೆ ಹೋಗಿ ಅವಳು ಆ ದಿನದ ಜಗಳವನ್ನು ಮೊದಲಿಂದ ಕೊನೆಯವರೆಗೆ ಅಮ್ಮನಿಗೆ ಒಪ್ಪಿಸುತ್ತಿದ್ದಳು. ಅಮ್ಮ ತಟ್ಟೆಗೆ ಬಡಿಸುತ್ತಾ, ಜಗಳ ಇಲ್ಲದ ದಿನ ನಿನಗೆ ಊಟ ಸೇರುವುದಿಲ್ಲವಲ್ಲೇ ಅನ್ನುತ್ತಿದ್ದರು.

ಎಂಟು ತಿಂಗಳ ಹಿಂದೆ ಒಂದು ದಿನ, ಅವಸರದಲ್ಲಿ, ಅವಳು 'ಕೊಟ್ಟಿದ್ದು' ಬದಲಿಗೆ 'ಕರಡು' ಒತ್ತಿದಳು. ಕಂಬಗಳು ಬಂದವು. ಅವುಗಳ ಜೊತೆ, ಕಿಟಕಿಯ ಹತ್ತಿರದ ಕಂಬದ ಪಕ್ಕದಲ್ಲಿ, ಹಸಿರು ಬಣ್ಣದ ಪುಟ್ಟ ಅಕ್ಷರಗಳೂ ಬಂದವು. ಪ್ರಿಂಟಿಗೆ ಬರದ, ಬೇಕಾದಾಗ ತೆರೆದು ಮುಚ್ಚಬಹುದಾದ ಒಂದು ಲೇಯರಿನಲ್ಲಿ, ಅಂದರೆ ಪದರದಲ್ಲಿ, ಅವನು ತನಗೆ ತಾನೇ ಬರೆದುಕೊಂಡ ಟಿಪ್ಪಣಿ ಅದು.

"ಸ್ಕೇಲಮ್ಮನಿಗೆ ಈ ಕಂಬ ಕಂಡರಾಗದು. ನನ್ನನ್ನು ಕಂಡರೂ ಅಷ್ಟೇ."

ಅವಳು ನಕ್ಕುಬಿಟ್ಟಳು. ಆಮೇಲೆ ಸುತ್ತ ನೋಡಿ ಬಾಯಿ ಮುಚ್ಚಿಕೊಂಡಳು. ಲಿಂಕ್ ಸರಿಮಾಡಬೇಕಿತ್ತು, ನಾಳೆ ಮಾಡಿದರಾಯಿತು ಎಂದುಕೊಂಡಳು. ಮರುದಿನ ಇನ್ನೊಂದು ಟಿಪ್ಪಣಿ ಇತ್ತು. "ಇಲ್ಲಿ ಮೇಜು ಹಾಕಿದ್ದಾರೆ. ಕೂತವರ ಮೊಣಕಾಲಿಗೆ ಕಂಬ ಬಡಿಯುತ್ತದೆ. ಹೇಳಿದರೆ ಜಗಳ. ಹೇಳದಿದ್ದರೆ ಯಾರದೋ ಮೊಣಕಾಲು." ಅವಳು ಸದ್ದಿಲ್ಲದೆ ಮೇಜು ಸರಿಸಿದಳು. ಅದರ ಮುಂದಿನ ವಾರ: "ಇವತ್ತು ಫೋನಿನಲ್ಲಿ ನಕ್ಕರು. ನನಗಲ್ಲ, ಪಕ್ಕದಲ್ಲಿದ್ದ ಯಾರಿಗೋ. ಆದರೂ ತೊಲೆಯ ಲೆಕ್ಕ ಎರಡು ಸಲ ತಪ್ಪಿತು."

ಅವತ್ತು ಅವಳ ಲೆಕ್ಕವೂ ತಪ್ಪಿತು. ಆಮೇಲೆ ಲಿಂಕ್ ಸರಿಮಾಡುವ ಮಾತೇ ಬರಲಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ಬ್ಯಾಗು ಕೆಳಗಿಡುವ ಮೊದಲೇ ಆ ಡ್ರಾಯಿಂಗು ತೆರೆಯುವುದು ಅವಳಿಗೆ ಅಭ್ಯಾಸವಾಯಿತು. ಒಂದು ದಿನ, ಕಿಟಕಿಯನ್ನು ಒಂದಡಿ ಎಡಕ್ಕೆ ಸರಿಸಿದರೆ ಕಂಬ ಗೋಡೆಯೊಳಗೆ ಅಡಗುತ್ತದೆ, ಆದರೆ ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗಿದೆ ಎಂದು ಬರೆದಿದ್ದ. ಅವಳು ಸರಿಸಿದಳು, ತನಗೇ ಹೊಳೆದದ್ದೆಂದು ಮೀಟಿಂಗಿನಲ್ಲಿ ಬೀಗಿದಳು. ಅವನು ಸೀಲಿಂಗು ನೋಡುತ್ತಾ, ಒಳ್ಳೆ ಯೋಚನೆ ಎಂದಷ್ಟೇ ಹೇಳಿದ. ಕಿವಿ ಕೆಂಪಾಗಿತ್ತು. ಅವಳು ಆ ಕಿವಿಯನ್ನು ಇಡೀ ದಿನ ನೆನೆಸಿಕೊಂಡು ನಕ್ಕಳು.

ಆರು ವಾರದ ಹಿಂದೆ ಹಸಿರು ಅಕ್ಷರಗಳು ಇದ್ದಕ್ಕಿದ್ದಂತೆ ನಿಂತುಹೋದವು. ಹಳೆಯವೂ ಇಲ್ಲ, ಹೊಸವೂ ಇಲ್ಲ. ಎಲ್ಲ ಅಳಿಸಿಬಿಟ್ಟಿದ್ದಾನೆ ಎಂದುಕೊಂಡಳು. ಯಾಕೆ ಅಂತ ಕೇಳುವುದು ಹೇಗೆ? ಕೇಳಿದರೆ ಓದುತ್ತಿದ್ದೆ ಎಂದು ಒಪ್ಪಿಕೊಂಡಂತೆ. ಆ ನೋವೆಲ್ಲ ಸಿಟ್ಟಾಯಿತು. ಮಾತಿಗೆ ಮೊದಲೇ ಅವನ ಮೇಲೆ ಹರಿಹಾಯತೊಡಗಿದಳು. ಅವನು ಮೇಲೆ ಬರುವುದನ್ನೇ ಕಡಿಮೆ ಮಾಡಿದ. ಅವಳ ಸ್ಟೀಲ್ ಸ್ಕೇಲೂ ಆ ದಿನಗಳಲ್ಲೇ ಎಲ್ಲೋ ಕಳೆದುಹೋಗಿ, ಹೊಸದು ತರಬೇಕಾಯಿತು.

ಇರಲಿ. ಈಗ ಕಂಬಗಳೇ ಇಲ್ಲ.

ಪಕ್ಕದ ಕುರ್ಚಿಗೆ ಹಿರಿಯಣ್ಣ ಬಂದು ಕೂತರು. ಅವರು ಆಫೀಸಿನ ಹಳೆಯ ಡ್ರಾಫ್ಟ್ಸ್‌ಮನ್, ಶಾಯಿ ಪೆನ್ನಿನಿಂದ ಮಂಡಿಯೂರಿ ನಕ್ಷೆ ಬರೆಯುತ್ತಿದ್ದ ಕಾಲದವರು. ಕಂಪ್ಯೂಟರ್ ಬಂದಾಗ ಎಲ್ಲರೂ ಹೆದರಿದರೆ ಅವರು ಅದನ್ನೂ ಪಳಗಿಸಿಕೊಂಡರು.

"ಫೈಲು ಕಾಣೆಯಾದ್ರೆ ಮೂರೇ ಕಾರಣ ಕಣಮ್ಮ" ಎಂದರು. "ಜಾಗ ಬದಲಾಗಿರುತ್ತೆ, ಹೆಸರು ಬದಲಾಗಿರುತ್ತೆ, ಇಲ್ಲಾ ಯಾರೋ ಅಳಿಸಿರ್ತಾರೆ. ಹುಡುಕೋಣ, ಗಾಬರಿ ಬೀಳಬೇಡ."

ಹುಡುಕಿದರು. ಲಿಂಕ್‌ಗಳ ಪಟ್ಟಿ ತೆರೆದರು. ಮೆಟ್ಟಿಲಿನ ಫೈಲು ಇದೆ, ವಿದ್ಯುತ್ತಿನ ಫೈಲು ಇದೆ, ಕಂಬದ ಫೈಲಿನ ಮುಂದೆ ಮಾತ್ರ 'ಸಿಗಲಿಲ್ಲ' ಎಂದು ಕೆಂಪು ಗುರುತು. ಹೆಸರು ಹಾಕಿ ಇಡೀ ಸರ್ವರ್ ಜಾಲಾಡಿದರು, ಇಲ್ಲ. 'ಕೊಟ್ಟಿದ್ದು' ಫೋಲ್ಡರಿನಲ್ಲಿದ್ದ ಪ್ರತಿಯನ್ನು ಜೋಡಿಸಿ ನೋಡಿದರು. ಅದು ಎರಡು ತಿಂಗಳು ಹಳೆಯದು. ಅದರಲ್ಲಿ ಒಂದು ಕಂಬ ಸೀದಾ ಬಾಗಿಲಿನ ನಡುವೆ ನಿಂತಿತು, ಇನ್ನೊಂದು ಕಪಾಟಿನೊಳಗೆ ಹೊಕ್ಕಿತು. ಅದನ್ನು ಸಮಿತಿಗೆ ಕೊಟ್ಟರೆ ಓದಲು ಬಂದವರು ಕಂಬ ಸುತ್ತಿಕೊಂಡು ಒಳಗೆ ಹೋಗಬೇಕು. ಕೊನೆಗೆ ಹಿರಿಯಣ್ಣ ವಿಳಾಸದ ಹಾದಿಯನ್ನೇ ಹಿಡಿದು ಒಂದೊಂದೇ ಫೋಲ್ಡರ್ ತೆರೆಯುತ್ತಾ ಹೋದರು. ಕೆಳಗಿನ ಮಹಡಿ ಇತ್ತು. 'ಕಂಬ ಮತ್ತು ತೊಲೆ' ಎಂಬ ಫೋಲ್ಡರೇ ಇರಲಿಲ್ಲ.

"ಓ, ಸರಿ ಸರಿ" ಎಂದು ಹಣೆ ತಟ್ಟಿಕೊಂಡರು. "ಅವನು ನಿನ್ನೆಯೇ ಎಲ್ಲ ಒಪ್ಪಿಸಿಬಿಟ್ಟನಲ್ಲ. ಹೊಳೆ ಸೇತುವೆ ಕೆಲಸಕ್ಕೆ ಹೋಗ್ತಿದಾನೆ, ಹದಿನಾಲ್ಕು ತಿಂಗಳು. ಇವತ್ತು ಐದೂವರೆ ಟ್ರೈನು. ನಿಂಗೆ ಯಾರೂ ಹೇಳಲಿಲ್ವಾ?"

ಯಾರು ಹೇಳಬೇಕು? ಅಮ್ಮನ ಕಣ್ಣಿನ ಆಪರೇಷನ್ ಎಂದು ಅವಳು ಎರಡು ದಿನ ರಜೆಯಲ್ಲಿದ್ದಳು. ಆ ಎರಡೇ ದಿನದಲ್ಲಿ ಅವನು ತನ್ನ ಫೋಲ್ಡರು, ತನ್ನ ಕಂಬ, ತನ್ನನ್ನು ಎಲ್ಲ ಕಟ್ಟಿಕೊಂಡು ಹೊರಟಿದ್ದ. ಬೆಳಗ್ಗೆಯಿಂದ ಕಂಬಗಳಿಗಾಗಿ ಆಗದಿದ್ದ ಗಾಬರಿ ಅವಳಿಗೆ ಈಗ ಆಯಿತು. ನಾಳೆಯಿಂದ ಯಾರೂ ತಲೆ ತಗ್ಗಿಸಿ ಆ ಬಾಗಿಲಲ್ಲಿ ಬರುವುದಿಲ್ಲ ಎಂದು ಯೋಚಿಸಿದರೆ ಕಣ್ಣು ತುಂಬಿಬಂತು. ತನಗೆ ಅವನು ಬೇಕು, ಅಷ್ಟೇ, ಇದನ್ನು ತಿಳಿಯಲು ಮೂವತ್ತಾರು ಕಂಬ ಬೀಳಬೇಕಾಯಿತೇ ಎಂದು ತನ್ನನ್ನೇ ಬೈದುಕೊಂಡಳು.

"ಕೆಳಗೆ ಹೋಗಿ ಕೇಳು" ಎಂದರು ಹಿರಿಯಣ್ಣ. "ಕೇಳೋಕೇನು ಕಷ್ಟ?"

ಕಷ್ಟ ಏನೆಂದು ಅವರಿಗೇನು ಗೊತ್ತು! ಯಾವ ಫೈಲು ಎಂದು ಅವನು ಕೇಳುತ್ತಾನೆ. ನಿಮ್ಮ ಕರಡು ಅನ್ನಬೇಕು. ಯಾರಿಗೂ ಕೊಡುವುದಲ್ಲ ಎಂದು ಬರೆದಿಟ್ಟದ್ದು ನಿಮಗೆ ಹೇಗೆ ಸಿಕ್ಕಿತು ಅನ್ನುತ್ತಾನೆ. ಮೆಟ್ಟಿಲಿಳಿಯುವಾಗ ಅವಳು ನಾಲ್ಕು ಸುಳ್ಳು ಜೋಡಿಸಿಕೊಂಡಳು, ಕೊನೆಯ ಮೆಟ್ಟಿಲಿಗೆ ಬರುವಾಗ ನಾಲ್ಕೂ ಉದುರಿಹೋಗಿದ್ದವು.

ಅವನು ಖಾಲಿ ಮೇಜಿನ ಮುಂದೆ ನಿಂತು ಒಂದು ರಟ್ಟಿನ ಪೆಟ್ಟಿಗೆಗೆ ಸಾಮಾನು ತುಂಬುತ್ತಿದ್ದ. ಒಂದು ಟೀ ಮಗ್ಗು, ಒಂದು ಸೈಟಿನ ಹೆಲ್ಮೆಟ್ಟು, ಎರಡು ಪುಸ್ತಕ. ಅವಳನ್ನು ಕಂಡು ಕೈ ನಿಲ್ಲಿಸಿದ. ಅಭ್ಯಾಸಬಲದಿಂದ ಸೀಲಿಂಗು ನೋಡಿದ.

"ಕಂಬಗಳು ಕಾಣ್ತಿಲ್ಲ" ಎಂದಳು.

"ಕೊಟ್ಟಿದ್ದು ಫೋಲ್ಡರಲ್ಲಿ ಇದೆಯಲ್ಲ."

"ಅದು ಹಳೇದು. ನಂಗೆ ಬೇಕಾಗಿರೋದು..." ಈ ಸಲ ಅವಳೂ ಸೀಲಿಂಗು ನೋಡಿದಳು. "ನಿಮ್ಮ ಕರಡು. ನಾನು ಲಿಂಕ್ ಮಾಡಿಕೊಂಡಿದ್ದು ಅದಕ್ಕೇ. ತುಂಬಾ ದಿನದಿಂದ."

"ಗೊತ್ತು" ಎಂದ ಅವನು.

ಎಂದಿನಿಂದ ಗೊತ್ತು, ಹೇಗೆ ಗೊತ್ತು ಎಂದು ಅವಳು ಕೇಳಬೇಕೆಂದುಕೊಂಡಳು. ಆ ಹೊತ್ತಿಗೆ ಅವಳ ಕಣ್ಣು ಪೆಟ್ಟಿಗೆಯೊಳಗೆ ಹೋಯಿತು. ಎರಡು ಪುಸ್ತಕದ ನಡುವೆ, ಜೋಪಾನವಾಗಿ, ಅವಳ ಕಳೆದುಹೋದ ಸ್ಟೀಲ್ ಸ್ಕೇಲು ಇತ್ತು. ಅವಳು ನೋಡಿದ್ದನ್ನು ಅವನೂ ನೋಡಿದ. ಈ ಸಲ ಕಿವಿಯಷ್ಟೇ ಅಲ್ಲ, ಕುತ್ತಿಗೆಯವರೆಗೆ ಕೆಂಪೇರಿತು.

"ವಾಪಸ್ ಕೊಡೋಣ ಅಂತಿದ್ದೆ" ಎಂದ.

"ಪೆಟ್ಟಿಗೆಯೊಳಗೆ ಇಟ್ಟುಕೊಂಡು ಕೊಡ್ತೀರಾ?"

ಅವನು ತಟ್ಟನೆ ಆ ಕಡೆ ತಿರುಗಿದ. ಯಾರದೋ ಕಂಪ್ಯೂಟರಿನ ಮುಂದೆ ಬಗ್ಗಿ, ಬೀಗ ಹಾಕಿಟ್ಟ ಹಳೆಯ ಕೆಲಸಗಳ ಸಾಲಿನಿಂದ ಒಂದು ಫೈಲು ತೆಗೆದು ಇಬ್ಬರಿಗೂ ಸಿಗುವ ಜಾಗಕ್ಕೆ ಹಾಕಿದ. ಹೆಸರು ಬದಲಾಯಿಸಿದ್ದೇನೆ, ಹೊಸದಾಗಿ ಜೋಡಿಸಿಕೊಳ್ಳಿ, ಎಲ್ಲ ಸರಿಯಾಗಿ ಕೂರುತ್ತದೆ ಎಂದು ಹೇಳಿದ. ಅವಳು ಬಾಗಿಲು ತಲುಪಿದಾಗ ಹಿಂದಿನಿಂದ ಮೆಲ್ಲಗೆ ಇನ್ನೊಂದು ಮಾತು ಬಂತು.

"ಉತ್ತರ ಬರದೇ ಇರೋದೂ ಒಂದು ಉತ್ತರಾನೇ. ನಂಗೆ ಬೇಜಾರಿಲ್ಲ. ನೀವೂ ಮುಜುಗರ ಪಟ್ಕೋಬೇಡಿ."

ಯಾವ ಉತ್ತರ? ಯಾವ ಪ್ರಶ್ನೆ? ಅವಳು ತಿರುಗುವಷ್ಟರಲ್ಲಿ ಒಳಗಿನಿಂದ ತಮ್ಮ ಸಾಹೇಬರು ಅವನನ್ನು ಕರೆದರು, ಅವನು ತಲೆ ತಗ್ಗಿಸಿ ಒಳಗೆ ಹೋದ.

ಮೇಲೆ ಬಂದಾಗ ಗಂಟೆ ಹನ್ನೊಂದೂವರೆ. ಹಿರಿಯಣ್ಣ ಸಿದ್ಧವಾಗಿ ಕೂತಿದ್ದರು. ಹಳೆಯ ಲಿಂಕಿಗೆ ತೇಪೆ ಹಾಕುವುದು ಬೇಡ, ಪೂರ್ತಿ ಬಿಚ್ಚಿ ಬಿಸಾಕಿ ಹೊಸದಾಗಿ ಕಟ್ಟು ಎಂದರು. ಅವಳು ಹಾಗೇ ಮಾಡಿದಳು. ಓದುವ ಕೋಣೆಯ ಮೇಲೆ ಮಲಗಿದ್ದ ಆ ನಾಚಿಕೆಗೇಡಿನ ಸಾಲು ಮಾಯವಾಯಿತು. ಹೊಸ ಫೈಲು ತೋರಿಸಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮೂವತ್ತಾರು ಕಂಬಗಳೂ ಒಮ್ಮೆಗೇ ತಮ್ಮ ತಮ್ಮ ಜಾಗದಲ್ಲಿ ಬಂದು ನಿಂತವು.

ಅವುಗಳ ಜೊತೆ ಹಸಿರು ಅಕ್ಷರಗಳೂ ಬಂದವು. ಒಂದಲ್ಲ ಎರಡಲ್ಲ. ಕಿಟಕಿಯ ಪಕ್ಕದಿಂದ ಶುರುವಾಗಿ ಕೆಳಗೆ, ಕೆಳಗೆ, ಅಂಗಳದವರೆಗೂ ಇಳಿದಿದ್ದವು.

"ಅಯ್ಯೋ, ಇದು ಮತ್ತೆ ಬಂತಾ?" ಎಂದರು ಹಿರಿಯಣ್ಣ. "ಆರು ವಾರದ ಹಿಂದೆ ನಿನ್ನ ಡ್ರಾಯಿಂಗು ಸ್ವಚ್ಛ ಮಾಡುವಾಗ ನಾನೇ ಈ ಲೇಯರ್ ಮುಚ್ಚಿದ್ದೆ ಕಣಮ್ಮ. ಏನೋ ಹಸಿರು ಗಲೀಜು ಅಂತ. ಹೊಸದಾಗಿ ಕಟ್ಟಿದ್ದಕ್ಕೆ ತೆರಕೊಂಡಿದೆ. ಮುಚ್ಚಲಾ?"

"ಬೇಡ" ಎಂದು ಅವಳು ಮೌಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವರು ಅವಳ ಮುಖ ನೋಡಿದರು, ಪರದೆಯನ್ನೂ ನೋಡಿದರು. ನನಗೆ ಟೀ ಕುಡಿಯಬೇಕು ಅನಿಸುತ್ತಿದೆ ಎಂದು ಯಾರಿಗೋ ಹೇಳುವವರಂತೆ ಹೇಳಿ ಎದ್ದು ಹೋದರು.

ಅವಳು ಓದಿರದವುಗಳಲ್ಲಿ ಮೊದಲನೆಯದಕ್ಕೆ ಸರಿಯಾಗಿ ಆರು ವಾರದ ಹಿಂದಿನ ತಾರೀಖು ಇತ್ತು.

"ಕಿಟಕಿ ಒಂದಡಿ ಎಡಕ್ಕೆ ಸರಿದ ದಿನವೇ ಗೊತ್ತಾಯಿತು, ನೀವು ಇದನ್ನು ಓದುತ್ತಿದ್ದೀರಿ ಎಂದು. ನಾಚಿಕೆಯಿಂದ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನದಿಂದ ನಿಮಗಾಗಿಯೇ ಬರೆಯುತ್ತಿದ್ದೇನೆ. ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ. ಆದ್ದರಿಂದ ಇಲ್ಲೇ ಹೇಳುತ್ತೇನೆ. ನನಗೆ ನೀವು ಇಷ್ಟ. ನಿಮಗೂ ಹಾಗಿದ್ದರೆ ಏನೂ ಹೇಳಬೇಡಿ, ಈ ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿ. ಇಲ್ಲದಿದ್ದರೆ ಖಾಲಿ ಬಿಡಿ. ನಿಮ್ಮ ಪ್ಲಾನು ದಿನಾ ನನ್ನ ಕಂಬಗಳ ಕೆಳಗೆ ತೆರೆದಿರುತ್ತದೆ. ನೋಡುತ್ತಿರುತ್ತೇನೆ."

ಅದರ ಕೆಳಗೆ, "ಇನ್ನೂ ಖಾಲಿ. ಪರವಾಗಿಲ್ಲ, ಕೆಲಸ ಜಾಸ್ತಿ ಇರಬೇಕು." ಅದರ ಕೆಳಗೆ, "ಇವತ್ತು ಕುರ್ಚಿ ಬಂತು ಎಂದು ಎದ್ದು ನಿಂತೆ. ಹತ್ತಿರ ಮಾಡಿ ನೋಡಿದರೆ ಕಸದ ಬುಟ್ಟಿ." ಅವಳು ಅಳುತ್ತಿದ್ದವಳು ಅಳುವಿನ ನಡುವೆಯೇ ಗೊಳ್ಳೆಂದು ನಕ್ಕಳು. ಆಮೇಲಿನದರಲ್ಲಿ ನಗುವಂಥದ್ದೇನೂ ಇರಲಿಲ್ಲ. "ಇವತ್ತು ನನ್ನ ಮೇಲೆ ತುಂಬಾ ರೇಗಿದಿರಿ. ನಾನು ಬರೆಯಬಾರದಿತ್ತು." "ಸೇತುವೆಗೆ ಯಾರು ಹೋಗುತ್ತೀರಿ ಎಂದು ಸಾಹೇಬರು ಕೇಳಿದರು. ಕೈ ಎತ್ತಿದೆ." ಕೊನೆಯದು ಬುಧವಾರದ್ದು. "ಓದುವ ಕೋಣೆ ಬಹಳ ಚೆನ್ನಾಗಿದೆ. ಎಷ್ಟು ಜಗಳವಾಡಿದರೂ ಇದೊಂದನ್ನು ಹೇಳಲಿಲ್ಲ. ನೀವು ಸೋಮವಾರ ಬರುವಾಗ ನಾನು ಇರುವುದಿಲ್ಲ."

ಸೋಮವಾರ ಬರುತ್ತಾಳೆ ಎಂದುಕೊಂಡಿದ್ದನಂತೆ ಪುಣ್ಯಾತ್ಮ. ಅವಳು ಕಣ್ಣೊರೆಸಿಕೊಂಡಳು. ಓಡಿ ಕೆಳಗೆ ಹೋಗಬೇಕು ಎನಿಸಿತು. ಆದರೆ ಇಪ್ಪತ್ತೆರಡು ಶೀಟು ಕಾಯುತ್ತಿತ್ತು, ಆ ಕೋಣೆಯನ್ನು ಚೆನ್ನಾಗಿದೆ ಅಂದವನು ಅವನೇ, ಅದನ್ನು ಕಟ್ಟದೆ ಹೋದರೆ ಅವನಿಗೇನು ಮುಖ ತೋರಿಸುವುದು? ಅವಳು ಮೂಗೊರೆಸಿಕೊಂಡು ಕೆಲಸಕ್ಕೆ ಕೂತಳು. ಏಳನೆಯ ಶೀಟಿಗೆ ಬಂದಾಗ, ಕಿಟಕಿಯ ಪಕ್ಕದ ಖಾಲಿ ಜಾಗದಲ್ಲಿ ಒಂದು ಕುರ್ಚಿ ಹಾಕಿದಳು. ಸ್ವಲ್ಪ ಹೊತ್ತು ನೋಡಿದಳು. ಅವಳ ಕಣ್ಣಿಗೆ ಏನೋ ಅಳತೆ ತಪ್ಪಿದಂತೆ ಕಂಡಿತು. ಸರಿಮಾಡಿ ಪ್ರಿಂಟ್ ಕೊಟ್ಟಳು.

ಆ ಎರಡು ಆಫೀಸಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಯಾವ ಕಟ್ಟು ಹೊರಗೆ ಹೋಗುವುದಿದ್ದರೂ ಕೆಳಗೆ ಇಳಿಯಬೇಕು. ಕಂಬ ಬರೆದವನು ಪೆನ್ಸಿಲು ಹಿಡಿದು ಒಂದೊಂದು ಕಂಬಕ್ಕೂ ಗುರುತು ಹಾಕಬೇಕು, ಆಮೇಲೆ ತಮ್ಮ ಸಾಹೇಬರ ಸಹಿ. ಎರಡೂ ಮುಕ್ಕಾಲಿಗೆ ಅವಳು ಬೆಚ್ಚಗಿನ ಕಾಗದದ ಕಟ್ಟನ್ನು ಅವನ ಖಾಲಿ ಮೇಜಿನ ಮೇಲೆ ಹರಡಿದಳು. ಕೊನೆಯ ಕೆಲಸ ಎಂದು ಅವನು ಸಣ್ಣಗೆ ನಕ್ಕು ಪೆನ್ಸಿಲು ತೆಗೆದುಕೊಂಡ.

ಒಂದನೆಯ ಶೀಟು, ಎರಡು, ಮೂರು. ಅವಳು ಎದುರಿಗೆ ನಿಂತಿದ್ದಳು. ಅವನ ಬೆರಳು ಕಂಬದಿಂದ ಕಂಬಕ್ಕೆ ಹೋಗುವುದನ್ನು ನೋಡುತ್ತಾ ತಾನೂ ಎಣಿಸುತ್ತಿದ್ದಳು. ಆರು ಮುಗಿಯಿತು. ಏಳನೆಯದು ಓದುವ ಕೋಣೆ. ಬಾಗಿಲ ಕಡೆಯಿಂದ ಶುರುಮಾಡಿದ. ಒಂದು ಸಾಲು ಆಯಿತು, ಎರಡನೆಯದು ಆಯಿತು. ಕಿಟಕಿಯ ಹತ್ತಿರದ ಕಂಬಕ್ಕೆ ಬಂದು ಪೆನ್ಸಿಲು ನಿಂತಿತು.

ಆಮೇಲೆ ಅವನು ತಲೆ ಎತ್ತಿದ. ಸೀಲಿಂಗು ನೋಡಲಿಲ್ಲ, ಫ್ಯಾನು ನೋಡಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ನೇರವಾಗಿ ಅವಳ ಕಣ್ಣನ್ನೇ ನೋಡಿದ. ಅವನ ಕಣ್ಣು ಕಂದು ಬಣ್ಣದ್ದು ಎಂದು ಅವಳಿಗೆ ಅವತ್ತೇ ಗೊತ್ತಾದದ್ದು.

"ಎರಡು ಕುರ್ಚಿ ಇದೆ" ಎಂದ. "ನಾನು ಒಂದು ಕೇಳಿದ್ದೆ."

"ಒಬ್ಬರೇ ಕೂತ್ರೆ ಜಗಳ ಯಾರ ಜೊತೆ ಆಡೋದು?"

ಅವನು ನಕ್ಕ. ಅಷ್ಟು ಎತ್ತರದ ಮನುಷ್ಯ ಅಷ್ಟು ಪೂರ್ತಿಯಾಗಿ ನಗುವುದನ್ನು ಆ ಆಫೀಸು ಕಂಡೇ ಇರಲಿಲ್ಲ. ಆ ಕಡೆ ಮೇಜಿನವರು ಕತ್ತು ಚಾಚಿ ನೋಡಿದರು. ಅವಳು ಹಸಿರು ಲೇಯರು, ಹಿರಿಯಣ್ಣನ ಸ್ವಚ್ಛತೆ, ಆರು ವಾರದ ತನ್ನ ಸಿಟ್ಟು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಓದಿರಲೇ ಇಲ್ಲವಾ ಎಂದು ಅವನು ಮೂರು ಸಲ ಕೇಳಿದ. ಇಲ್ಲ, ಇಲ್ಲ, ಇಲ್ಲ ಎಂದು ಮೂರು ಸಲವೂ ಹೇಳಿದಳು.

"ನಂಗೂ ನೀವು ಇಷ್ಟ" ಎಂದಳು ಕೊನೆಗೆ. "ಬರೆಯೋಕೆ ಬರಲ್ಲ ನಂಗೆ. ಅದಕ್ಕೇ ಬಾಯಲ್ಲಿ ಹೇಳ್ತಿದೀನಿ. ಈಗ ಬೇಗ ಉಳಿದ ಶೀಟಿಗೆ ಗುರುತು ಹಾಕಿ, ನಾಲ್ಕು ಗಂಟೆಗೆ ಕಿಟಕಿ ಮುಚ್ತಾರೆ."

ಆಮೇಲಿನ ಹದಿನೈದು ಶೀಟಿಗೆ ಅವನು ಹಾಕಿದ ಗುರುತುಗಳು ಅಂಕುಡೊಂಕಾಗಿದ್ದವು. ತಮ್ಮ ಸಾಹೇಬರು ಸಹಿ ಮಾಡುವಾಗ, ಏನಪ್ಪಾ ಇಷ್ಟು ಅವಸರ, ಟ್ರೈನಿಗೆ ಇನ್ನೂ ಹೊತ್ತಿದೆಯಲ್ಲ ಎಂದರು. ಹಿರಿಯಣ್ಣ ಕಟ್ಟನ್ನು ತಮ್ಮ ಸ್ಕೂಟರಿನಲ್ಲಿಟ್ಟುಕೊಂಡು ಹೋಗಿ ನಾಲ್ಕಕ್ಕೆ ಏಳು ನಿಮಿಷ ಇರುವಾಗ ಕೌಂಟರಿನಲ್ಲಿ ಕೊಟ್ಟರು. ಅಲ್ಲಿಂದ ಫೋನ್ ಮಾಡಿ ಸ್ಕೇಲಮ್ಮನನ್ನು ಕೇಳಿದರೆ, ಅವಳು ಅರ್ಧ ಗಂಟೆಯ ಹಿಂದೆಯೇ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಸ್ಟೇಷನ್ನಿಗೆ ಹೋದಳು ಎಂದು ಅಕ್ಕ ಮೇಡಂ ಹೇಳಿದರು. ಅವಳಿಗೆ ಬೈಯಬೇಕೆಂದಿದ್ದೆ, ಮರೆತೇ ಹೋಯಿತು ಎಂದೂ ಸೇರಿಸಿದರು.

ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಇಬ್ಬರೂ ಪೆಟ್ಟಿಗೆಯನ್ನು ನಡುವೆ ಇಟ್ಟುಕೊಂಡು ಕೂತರು. ಹೋಗಲಾ, ಬೇಡವಾ ಎಂದು ಅವನು ಕೇಳಿದ. ಹೋಗಿ, ಕೈ ಎತ್ತಿದ್ದು ನೀವೇ, ಸೇತುವೆಯೇನು ಪಾಪ ಮಾಡಿತ್ತು ಎಂದಳು. ಸ್ಕೇಲನ್ನು ಅವನು ತೆಗೆದು ಕೊಡಲು ಹೋದ. ಅವಳು ಮತ್ತೆ ಎರಡು ಪುಸ್ತಕದ ನಡುವೆ ಇಟ್ಟಳು.

ಟ್ರೈನು ಬಂದು ಅವನು ಮೆಟ್ಟಿಲು ಹತ್ತಿದಾಗ ಹೇಳಿದಳು: "ಅಲ್ಲಿ ಕರಡು ಎಲ್ಲಿಡ್ತೀರಿ ಅಂತ ಸರಿಯಾದ ವಿಳಾಸ ಕಳಿಸಿ. ಜಾಗ ಬದಲಾಯಿಸಿದ್ರೆ ಮೊದಲು ನಂಗೆ ಹೇಳಿ. ಇನ್ನೊಂದು ಸಲ ಹುಡುಕೋಕೆ ಆಗಲ್ಲ ನನ್ನ ಕೈಲಿ."

ಅವನು ಕಳಿಸಿದ. ಹದಿನಾಲ್ಕು ತಿಂಗಳು ಸೇತುವೆಯ ಕಂಬಗಳ ಪಕ್ಕದಲ್ಲಿ ಹಸಿರು ಅಕ್ಷರಗಳು ಬರುತ್ತಲೇ ಇದ್ದವು. ಎರಡು ವಾರಕ್ಕೊಮ್ಮೆ ಅವನೇ ಬರುತ್ತಿದ್ದ, ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುತ್ತಿದ್ದ. ಹೊಸ ಕಣ್ಣಿನಿಂದ ಅವನನ್ನು ಮೇಲಿಂದ ಕೆಳಗೆ ನೋಡಿದ ಅಮ್ಮ, ಜಗಳ ಆಡುತ್ತಿದ್ದದ್ದು ಇವನ ಜೊತೆಯೇನೇ, ಪಾಪ, ಮಾತೇ ಆಡುವುದಿಲ್ಲವಲ್ಲ ಎಂದರು.

ಕೆಲಸ ಅಕ್ಕ ಮೇಡಂಗೇ ಸಿಕ್ಕಿತು, ಗ್ರಂಥಾಲಯ ಎದ್ದು ನಿಂತಿತು. ಬಾಗಿಲು ತೆರೆದ ಮೊದಲ ಭಾನುವಾರ ಇಬ್ಬರೂ ಹೋಗಿ ಕಿಟಕಿಯ ಪಕ್ಕದ ಎರಡು ಕುರ್ಚಿಗಳಲ್ಲಿ ಕೂತರು. ಕಂಬ ಗೋಡೆಯೊಳಗೆ ಅಡಗಿತ್ತು. ಆದರೂ ಅದು ಒಂದು ಇಂಚು ಹೊರಗೆ ಬಂದಿದೆ ಎಂದು ಅವಳು ಶುರುಮಾಡಿದಳು. ಇಲ್ಲ ಎಂದು ಅವನೂ ಬಿಡಲಿಲ್ಲ. ಗ್ರಂಥಪಾಲಕಿ ಎದ್ದು ಬಂದು, ಇದು ಓದುವ ಕೋಣೆ, ಮಾತಾಡುವ ಹಾಗಿಲ್ಲ ಎಂದು ಗೋಡೆಯ ಮೇಲಿನ ಬೋರ್ಡು ತೋರಿಸಿ ಹೋದರು. ಆ ಬೋರ್ಡಿನ ಜಾಗ ಗುರುತು ಮಾಡಿದ್ದು ಸ್ಕೇಲಮ್ಮನೇ.

ಅವನು ಜೇಬಿನಿಂದ ಹಸಿರು ಪೆನ್ನು ತೆಗೆದು ಒಂದು ಚೀಟಿಯ ಮೇಲೆ ಏನೋ ಬರೆದು ಅವಳ ಕಡೆ ಸರಿಸಿದ. ಅವಳು ಓದಿದಳು.

"ನನ್ನನ್ನು ಮದುವೆ ಆಗುತ್ತೀರಾ? ಹೌದಾದರೆ ಏನೂ ಹೇಳಬೇಡಿ, ಈ ಪೆನ್ನು ತೆಗೆದಿಟ್ಟುಕೊಳ್ಳಿ."

ಪೆನ್ನು ಅವಳ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅವಳು ಅದನ್ನು ನೋಡಿದಳು, ಕೆಂಪಾಗುತ್ತಿದ್ದ ಅವನ ಕಿವಿ ನೋಡಿದಳು. ಹಿಂದಿನ ಸಲ ಹೀಗೇ ಏನೂ ಹೇಳದೆ ಆರು ವಾರ ಕಳೆದದ್ದು ನೆನಪಾಯಿತು.

"ಆಗ್ತೀನಿ" ಎಂದಳು, ಇಡೀ ಓದುವ ಕೋಣೆ ಪುಸ್ತಕದಿಂದ ತಲೆ ಎತ್ತುವಷ್ಟು ಗಟ್ಟಿಯಾಗಿ.